ಇನ್‌ಕೀಪರ್‌ಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ಓದುವ ನನ್ನ ಮಗನಿಗೆ ಈ ಸಲ ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ಇನ್‌ಕೀಪರ್ ಪಾತ್ರ ಸಿಕ್ಕಿದೆ, ಅಂದರೆ ಯೇಸು ಹುಟ್ಟುವ ರಾತ್ರಿ ಮೇರಿ, ಜೋಸೆಫರನ್ನು ಬಾಗಿಲಿಂದಲೇ ವಾಪಸ್ ಕಳಿಸುವ ವಸತಿಗೃಹದವನು. ಇರೋದು ಒಂದೇ ಮಾತು: 'ಜಾಗ ಇಲ್ಲ, ಮುಂದೆ ಹೋಗಿ.' ನಾಟಕವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಿತ್ತು. 'ಛತ್ರದ ಯಜಮಾನ' ಎಂದು ಬರೆದುಕೊಟ್ಟೆ. ಮಗ ಕೇಳಿದ, 'ಅಪ್ಪಾ, ಯಾರ ಮದುವೆ?'

ಅವನದೇನೂ ತಪ್ಪಿಲ್ಲ. ನಮ್ಮ ಕಡೆ ಈಗ ಛತ್ರ ಅಂದರೆ ಮದುವೆ ಛತ್ರವೇ, ಅಲ್ವಾ? ನನ್ನ ತಕರಾರು ಬೇರೆ. ಹಳೆಯ ಛತ್ರಗಳನ್ನು ಧರ್ಮಕ್ಕೆ ಕಟ್ಟಿಸುತ್ತಿದ್ದರು. ದಾರಿಹೋಕರಿಗೆ ಊಟ, ನೆರಳು ಪುಕ್ಕಟೆ. ಅಲ್ಲಿನ ಪಾರುಪತ್ತೇಗಾರ ಯಾರದೋ ದತ್ತಿಯ ಲೆಕ್ಕ ನೋಡಿಕೊಳ್ಳುವವನು. ಇನ್‌ಕೀಪರ್ ಹಾಗಲ್ಲ, ಕಾಸು ತೆಗೆದುಕೊಂಡು ಜಾಗ ಕೊಡುವವನು. ಬೈಬಲಿನ ಲೂಕನ ಸುವಾರ್ತೆಯಲ್ಲಿ ಯೇಸು ಹುಟ್ಟುವ ಕಡೆ ಈ ಮನುಷ್ಯ ಬರುವುದೇ ಇಲ್ಲ, ನಾಟಕದವರು ಆಮೇಲೆ ಸೇರಿಸಿಕೊಂಡಿದ್ದು. 10ನೇ ಅಧ್ಯಾಯದ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಬರುತ್ತಾನೆ, ಗಾಯಾಳುವನ್ನು ನೋಡಿಕೊಳ್ಳಲು ಎರಡು ಬೆಳ್ಳಿ ನಾಣ್ಯ ಪಡೆಯುತ್ತಾನೆ. ಅಲ್ಲಿನ ಗ್ರೀಕ್ ಪದವನ್ನು ಬಿಡಿಸಿದರೆ 'ಎಲ್ಲರನ್ನೂ ಬರಮಾಡಿಕೊಳ್ಳುವವನು' ಎಂದಾಗುತ್ತದೆ. ನಮ್ಮ ಹುಡುಗನ ಮಾತಿಗೆ ಸರೀ ಉಲ್ಟಾ!

ಐಬಿಯ, ಅಂದರೆ ಸರ್ಕಾರಿ ಬಂಗಲೆಯ, ಉಸ್ತುವಾರಿ ನೋಡಿಕೊಳ್ಳುವ ಮೇಟಿ ಆಗಬಹುದಾ ಅಂದುಕೊಂಡೆ. ಅವನು ಸರ್ಕಾರಿ ಆಳು, ಬೇಡ. ಸಕಲೇಶಪುರದ ಹೋಂಸ್ಟೇಗಳಲ್ಲಂತೂ ಎಲ್ಲರೂ 'ಓನರ್'.

ಕೊನೆಗೆ ಹೊಳೆದವಳು ಅಡುಗೂಲಜ್ಜಿ. ಕಥೆಯಲ್ಲಿ ದಾರಿ ತಪ್ಪಿದ ರಾಜಕುಮಾರ ಕುದುರೆ ಕಟ್ಟಿಹಾಕಿ ಸೀದಾ ಹೋಗೋದು ಅವಳ ಗುಡಿಸಲಿಗೇ. ಅಡು, ಕೂಲಿ, ಅಜ್ಜಿ. ಕೂಲಿಯ ಕಕಾರ ಗಕಾರವಾಯಿತು, ಕೊನೆಯ ಇಕಾರ ಬಿದ್ದುಹೋಯಿತು. ದುಡ್ಡಿಗೆ ಅಡುಗೆ ಮಾಡಿ ಹಾಕುವವಳು. ಇದು ಕೂಲಿಯಲ್ಲ, ಕೂಳು ಇರಬಹುದಾ ಎಂಬ ಅನುಮಾನವೂ ಬಂತು. ದುಡ್ಡಿಗೆ ಊಟ ಹಾಕುವ ತೆಲುಗಿನ ಪೂಟಕೂಳ್ಳಮ್ಮನನ್ನು ನೋಡಿದರೆ ಹಾಗನ್ನಿಸುತ್ತದೆ. ಆದರೆ ಹಳಗನ್ನಡದ ಕೂೞ್ ನಮ್ಮ ಬಾಯಲ್ಲಿ ಕೂಳು ಆಗಿದೆ, 'ಕೂಲು' ಆಗಿಲ್ಲ. ಹಾಗಾಗಿ ನನ್ನ ವೋಟು ಕೂಲಿಗೆ. ಬೇರೆ ಅಭಿಪ್ರಾಯ ಇದ್ದವರು ಜಗಳಕ್ಕೆ ಬನ್ನಿ.

ತೊಡಕು ಏನಂದರೆ, ಅಡುಗೂಲಜ್ಜಿ 'ಜಾಗ ಇಲ್ಲ' ಅಂದಿದ್ದನ್ನು ನಾನಂತೂ ಯಾವ ಕಥೆಯಲ್ಲೂ ಕೇಳಿಲ್ಲ. ಮಗ ಬೇರೆ ಸೀರೆ ಉಡಲ್ಲ ಅಂತಾನೆ. ಕಡೂರು, ಅರಸೀಕೆರೆ ಕಡೆಯವರೇ, ಸಂತೆಗೆ ಹೋಗುವವರಿಗೆ ಕಾಸು ತೆಗೆದುಕೊಂಡು ರಾತ್ರಿ ಜಾಗ ಕೊಡುತ್ತಿದ್ದ ಗಂಡಸನ್ನು ನಿಮ್ಮ ಮನೆಯ ಹಿರಿಯರು ಏನಂತ ಕರೆಯುತ್ತಿದ್ದರು? ಸೋಮವಾರ ರಿಹರ್ಸಲ್ ಇದೆ.