ಮನೆ ಲೆಕ್ಕದಿಂದ ಉಪಯೋಗಕ್ಕೆ ಬರುವ ವರದಿ ತೆಗೆಯೋದು ಹೇಗೆ? ಅನುಭವ ಹೇಳಿ

ಪ್ರಶ್ನೆ: ಎರಡು ವರ್ಷದಿಂದ ಗ್ನೂಕ್ಯಾಶ್ ಅನ್ನೋ ಲೆಕ್ಕದ ತಂತ್ರಾಂಶದಲ್ಲಿ ಮನೆ ಲೆಕ್ಕ ಬರೆಯುತ್ತಿದ್ದೇನೆ. ಒಂದು ದಿನವೂ ತಪ್ಪಿಸಿಲ್ಲ. ಆದರೆ ವರದಿ ತೆಗೆದರೆ ಉದ್ದದ ಪಟ್ಟಿ ಬರುತ್ತದೆ, ದುಡ್ಡು ಎಲ್ಲಿ ಸೋರುತ್ತಿದೆ ಅಂತ ತಿಳಿಯುತ್ತಿಲ್ಲ. ನೀವು ಯಾವ ವರದಿ ನೋಡುತ್ತೀರಿ?

ಕಿರ್ದಿ: ನನ್ನದನ್ನು ಹೇಳುತ್ತೇನೆ. ಮೊದಲ ವರ್ಷದ ಆದಾಯ-ಖರ್ಚಿನ ವರದಿಯಲ್ಲಿ ಖರ್ಚು ಆದಾಯವನ್ನೇ ಮೀರಿತ್ತು. ಎರಡು ರಾತ್ರಿ ನಿದ್ದೆ ಇಲ್ಲ. ಆಮೇಲೆ ಗೊತ್ತಾಯಿತು, ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಒಮ್ಮೆ, ಅದರ ಬಿಲ್ ಕಟ್ಟಿದಾಗ ಇನ್ನೊಮ್ಮೆ ಖರ್ಚು ಬರೆದಿದ್ದೆ. ಕಾರ್ಡ್ ಸಾಲದ ಖಾತೆ. ಬಿಲ್ ಕಟ್ಟೋದು ಬರೀ ವರ್ಗಾವಣೆ. ಸಾಲದ ಕಂತಿನಲ್ಲೂ ಅದೇ ತಪ್ಪು. ಬಡ್ಡಿ ಮಾತ್ರ ಖರ್ಚು, ಅಸಲು ಸಾಲವನ್ನು ಇಳಿಸುತ್ತದೆ ಅಷ್ಟೇ. 12 ಕಂತನ್ನೂ ಒಂದೊಂದಾಗಿ ಒಡೆದು ಬರೆದೆ. ಅದರಲ್ಲಿ 3 ಕಂತಿನ ಬಡ್ಡಿ ತಿಳಿಯಲು ಬ್ಯಾಂಕಿನಿಂದ ಪಟ್ಟಿ ಬರಬೇಕಿತ್ತು, ಅದಕ್ಕೇ 19 ದಿನ. ಒಟ್ಟು ಐದು ಭಾನುವಾರ ಹೋಯಿತು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಈಗ ತಿಂಗಳ ಕೊನೆಗೆ ಎರಡೇ ನೋಡುತ್ತೇನೆ: ಆದಾಯ-ಖರ್ಚು, ಆಸ್ತಿ-ಸಾಲ.

ಬರೀ ಅಕ್ಷರ: ನಾನು ಅದನ್ನೆಲ್ಲ ಬಿಟ್ಟು, ಕಮಾಂಡ್ ಟೈಪ್ ಮಾಡಿ ನಡೆಸುವ ಎಚ್‌ಲೆಡ್ಜರ್ ಅನ್ನೋ ಲೆಕ್ಕದ ತಂತ್ರಾಂಶ ಹಿಡಿದೆ. ಲೆಕ್ಕವೆಲ್ಲ ಒಂದು ಟೆಕ್ಸ್ಟ್ ಫೈಲ್. ತಿಂಗಳಿಗೊಂದು ಕಾಲಂ, ಕೊನೆಗೆ ಸರಾಸರಿ, ಖಾತೆಯೊಳಗಿನ ಉಪಖಾತೆಗಳನ್ನು ಕೂಡಿಸಿ ಎರಡೇ ಹಂತ, ಎಲ್ಲ ಒಂದೇ ಕಮಾಂಡ್. ನಮೂದಿನ ಪಕ್ಕ ಬ್ಯಾಂಕಿನ ಬಾಕಿ ಬರೆದಿಟ್ಟರೆ, ತಾಳೆಯಾಗದ ಸಾಲನ್ನೇ ತೋರಿಸಿ ನಿಲ್ಲುತ್ತದೆ. ಹಳೇ ಲೆಕ್ಕದಲ್ಲಿ 140 ಖಾತೆ ಇದ್ದವು, ಈಗ 22. ಮೌಸ್ ಹಿಡಿದು ಕೂರುವವರಿಗೆ ಐದು ಭಾನುವಾರ ಬೇಕೇ ಬೇಕು.

ಕಿರ್ದಿ: ಸುಮ್ನೆ ಏನೇನೋ ಹೇಳಬೇಡಿ. ಹಂತ ಇಳಿಸೋದು ಗ್ನೂಕ್ಯಾಶ್ ವರದಿಯ ಆಯ್ಕೆಗಳಲ್ಲೂ ಇದೆ. ಒಮ್ಮೆ ಹೊಂದಿಸಿ ಉಳಿಸಿಟ್ಟರೆ ಮುಗಿಯಿತು. ನಮ್ಮ ಮನೆಯವರೂ ಲೆಕ್ಕ ಬರೆಯುತ್ತಾರೆ. ಅವರಿಗೆ ಕಮಾಂಡ್ ಬೇಡ.

ಚಿಲ್ಲರೆ: ಇಬ್ಬರೂ ಮುಖ್ಯವಾದದ್ದನ್ನೇ ಬಿಟ್ಟಿರಿ. ನನ್ನ ವರದಿಯಲ್ಲಿ ‘ಇತರೆ’ ಅನ್ನೋ ಒಂದು ಖಾತೆಯೇ ಒಟ್ಟು ಖರ್ಚಿನ ಶೇ. 31 ಇತ್ತು. ಎಟಿಎಂನಿಂದ ತೆಗೆದದ್ದನ್ನೆಲ್ಲ ಅದಕ್ಕೇ ತುಂಬಿದ್ದೆ. ಈಗ ನಗದಿಗೆ ಬೇರೆ ಖಾತೆ. ದಿನಾ ರಾತ್ರಿ ಪರ್ಸ್ ಬಿಚ್ಚಿ, ನೋಟು ಒಂದು ಕಡೆ, ನಾಣ್ಯ ಒಂದು ಕಡೆ ಇಟ್ಟು ಎಣಿಸಿ ಬರೆಯುತ್ತೇನೆ. ಆರು ತಿಂಗಳಲ್ಲಿ ‘ಇತರೆ’ ಶೇ. 4ಕ್ಕೆ ಇಳಿಯಿತು. ಗ್ನೂಕ್ಯಾಶ್ ತಾನೇ ಮಾಡುವ ‘ಇಂಬ್ಯಾಲೆನ್ಸ್’ ಖಾತೆಯನ್ನೂ ತೆರೆದು ನೋಡಿ. ಅರ್ಧಂಬರ್ಧ ಬರೆದ ನಮೂದೆಲ್ಲ ಅಲ್ಲೇ ಹೋಗಿ ಕೂತಿರುತ್ತವೆ. ನನ್ನದರಲ್ಲಿ 63 ಇದ್ದವು.

ಬರೀ ಅಕ್ಷರ: ಚಿಲ್ಲರೆ ಎಣಿಸೋದು ಹೊತ್ತು ಹಾಳು. ನಾನೂ 8 ತಿಂಗಳು ಮಾಡಿ ಬಿಟ್ಟೆ. ವಾರಕ್ಕೊಮ್ಮೆ ಲೆಕ್ಕದ ನಗದಿಗೂ ಪರ್ಸಿನಲ್ಲಿರುವುದಕ್ಕೂ ಇರುವ ವ್ಯತ್ಯಾಸವನ್ನು ಒಂದೇ ನಮೂದಾಗಿ ಹಾಕಿದರೆ ಸಾಕು.

ಚಿಲ್ಲರೆ: ಆ ವ್ಯತ್ಯಾಸದಲ್ಲೇ ನನ್ನ ಶೇ. 31 ಅಡಗಿತ್ತು ಕಣ್ರೀ! ನಿಮ್ಮದು ವಾರಕ್ಕೆ ಶೇಕಡ ಎಷ್ಟು ಬರುತ್ತದೆ, ಅದನ್ನು ಹೇಳಿ ಮೊದಲು.

ಬರೀ ಅಕ್ಷರ: ಅದು ನನ್ನ ಮನೆ ವಿಷಯ.

ಕಿರ್ದಿ: ನನ್ನ ಭಾನುವಾರ ಎಣಿಸುವಾಗ ಅದು ಮನೆ ವಿಷಯ ಆಗಿರಲಿಲ್ಲ, ಅಲ್ವಾ?