ಪದಚರ್ಚೆ: ಹಳೆಯ ಅಮೆರಿಕನ್ ಹತ್ತರಿಯ ‘ಫ್ರಾಗ್’ಗೆ ಕನ್ನಡದಲ್ಲಿ ಏನೆನ್ನೋಣ? ‘ಕಾಸ್ಟ್ ಸ್ಟೀಲ್’ ಅಂದರೆ ಎರಕವೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಹಳೆಯ ಮರಗೆಲಸದ ಕೈಹತಾರಗಳ ವಿವರಪಟ್ಟಿಯೊಂದು ಕನ್ನಡಕ್ಕೆ ಬರಬೇಕಾಗಿದೆ. ಅದರಲ್ಲಿ ಸ್ಟ್ಯಾನ್ಲಿ ಕಂಪನಿಯ ಹತ್ತರಿಯೊಂದರ (ಮರ ಹೆರೆದು ನಯಮಾಡುವ ‘ಪ್ಲೇನ್’) ಬಗ್ಗೆ ಹೀಗೊಂದು ಸಾಲಿದೆ: ‘ಸ್ಟ್ಯಾನ್ಲಿ ನಂಬರ್ 4, ಟೈಪ್ 11, ಸ್ವೀಟ್‌ಹಾರ್ಟ್ ಅಲಗು, ಫ್ರಾಗ್ ಮೂಲದ್ದೇ, ಜಪಾನಿಂಗ್ ಚೆನ್ನಾಗಿದೆ, ರೋಸ್‌ವುಡ್ ಹಿಡಿ.’ ಕರಡಿನಲ್ಲಿ ಫ್ರಾಗ್‌ಗೆ ‘ಕಪ್ಪೆ’, ಟೈಪ್‌ಗೆ ‘ವಿಧ’, ಸ್ವೀಟ್‌ಹಾರ್ಟ್‌ಗೆ ‘ಪ್ರಿಯತಮೆ’, ರೋಸ್‌ವುಡ್‌ಗೆ ‘ಬೀಟೆ’ ಎಂದಾಗಿದೆ. ಉಳಿಗಳ ಮೇಲಿನ ‘ಕಾಸ್ಟ್ ಸ್ಟೀಲ್’ ‘ಎರಕದ ಉಕ್ಕು’ ಆಗಿದೆ. ಗರಗಸಗಳ ಪುಟದಲ್ಲಿ ‘ವಾರಂಟೆಡ್ ಸುಪೀರಿಯರ್ ಕಂಪನಿ’ ಎಂಬ ತಯಾರಕರು ಪದೇ ಪದೇ ಬರುತ್ತಾರೆ. ಬೈರಿಗೆಯ ‘10 ಇಂಚು ಸ್ವೀಪ್’ ‘ಸುತ್ತಳತೆ’ ಎಂದಾಗಿದೆ. ಇವುಗಳಲ್ಲಿ ಯಾವುವು ನಿಲ್ಲುತ್ತವೆ, ಯಾವುವನ್ನು ಬದಲಿಸಬೇಕು? ಹತ್ತರಿ ಎನ್ನುವುದೋ ಕೀಸುಳಿ ಎನ್ನುವುದೋ ಎಂಬುದೂ ತೀರ್ಮಾನವಾಗಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ಹತ್ತರಿ ಎಂದೇ ಇಡಿ. ‘ಕೀಸುಳಿ’ ಒಳ್ಳೆಯ ಪದವೇ, ಆದರೆ ಅದರಲ್ಲಿ ‘ಉಳಿ’ ಇರುವುದರಿಂದ ಪಟ್ಟಿಯಲ್ಲಿ ಉಳಿಗಳ ಜೊತೆ ಬೆರೆತುಹೋಗುತ್ತದೆ. ‘ಉಜ್ಜುಗೊರಡು’ ಮರದ ಒಡಲಿನ ಹತ್ತರಿಗೆ ಹೊಂದುತ್ತದೆ. ಇಲ್ಲಿ ಒಡಲು ಎರಕದ ಕಬ್ಬಿಣದ್ದು, ಕೊರಡಿನ ಸುಳಿವೇ ಇಲ್ಲ.

ಇನ್ನು ಫ್ರಾಗ್. ಅಲಗು ಒರಗಿ ಕೂರುವ ಇಳಿಜಾರಿನ ಎರಕದ ತುಂಡು ಅದು. ಎರಡು ಸ್ಕ್ರೂಗಳಿಂದ ಒಡಲಿಗೆ ಬಿಗಿದಿರುತ್ತದೆ. ಇಂಗ್ಲಿಷಿನಲ್ಲಿ ಇದೇ ಹೆಸರು ಕುದುರೆಯ ಗೊರಸಿನ ಅಡಿಭಾಗಕ್ಕೂ ಪಿಟೀಲು ಕಮಾನಿನ ಹಿಡಿಯ ತುದಿಗೂ ರೈಲುಹಳಿ ಕೂಡುವ ಜಾಗಕ್ಕೂ ಇದೆ. ಪ್ರಾಣಿಯ ಹೆಸರಾದ್ದರಿಂದ ಬೇಡ ಎನ್ನುವಂತಿಲ್ಲ. ವೀಣೆಯಲ್ಲಿ ತಂತಿ ಹೊರುವುದು ಕುದುರೆ, ಬಂದೂಕಿನಲ್ಲಿ ಬೆರಳಿಗೆ ಸಿಗುವುದೂ ಕುದುರೆ. ತೊಡಕೆಂದರೆ ‘ಕಪ್ಪೆ’ ಎಂದು ಓದಿದವರಿಗೆ ಆ ತುಂಡು ಮಾಡುವ ಕೆಲಸ ಹೊಳೆಯುವುದಿಲ್ಲ. ಅಲಗನ್ನು ಹೊತ್ತು ಕೂರುವುದಕ್ಕೆ ನಮ್ಮ ಅಡುಗೆಮನೆಯಲ್ಲೇ ಹೆಸರಿದೆ: ಈಳಿಗೆಮಣೆ. ಅದೇ ದಾರಿಯಲ್ಲಿ ‘ಅಲಗುಮಣೆ’ ಎಂದರೆ ವಿವರಣೆಯೇ ಬೇಕಾಗುವುದಿಲ್ಲ.

‘ಟೈಪ್’ ಪದದ ಬಗ್ಗೆ ತುಂಬ ಎಚ್ಚರ ಬೇಕು. ನಂಬರ್ 4 ಎನ್ನುವುದು ಅಳತೆ: ಒಡಲು 9 ಇಂಚು, ಅಲಗು 2 ಇಂಚು. ನಂಬರ್ 5 ಆದರೆ 14 ಇಂಚು, ನಂಬರ್ 7 ಆದರೆ 22 ಇಂಚು. ಟೈಪ್ 11 ಎನ್ನುವುದು ಕಾಲ. ಅದನ್ನು ಕಂಪನಿ ಎಲ್ಲಿಯೂ ಅಚ್ಚೊತ್ತಿಲ್ಲ. ಒಂದೇ ಹತ್ತರಿ ವರ್ಷ ವರ್ಷ ಹೇಗೆ ಬದಲಾಯಿತೆಂದು ಸಂಗ್ರಾಹಕರು ಆಮೇಲೆ ಕೊಟ್ಟ ಕ್ರಮಸಂಖ್ಯೆ ಅದು. ‘ವಿಧ’ ಎಂದರೆ ಅಕ್ಕಪಕ್ಕದಲ್ಲಿ ಇಟ್ಟು ಮಾರಿದ ಬಗೆಗಳೆಂದು ಓದುಗರು ತಿಳಿಯುತ್ತಾರೆ. ‘ಪೀಳಿಗೆ’ ಎಂದರೆ ಒಂದರ ನಂತರ ಒಂದು ಬಂದದ್ದೆಂದು ತಾನಾಗಿ ಗೊತ್ತಾಗುತ್ತದೆ. 11ನೇ ಪೀಳಿಗೆ ಎಂದರೆ 1910ರಿಂದ 1918ರವರೆಗಿನದು.

ನಿಮ್ಮ ಸಾಲಿನಲ್ಲೇ ಒಂದು ವಿರೋಧವಿದೆ ನೋಡಿ. ‘ಸ್ವೀಟ್‌ಹಾರ್ಟ್’ ಪ್ರಿಯತಮೆ ಅಲ್ಲ. ಹೃದಯದ ಆಕಾರದೊಳಗೆ ಸ್ಟ್ಯಾನ್ಲಿ ವರ್ಕ್ಸ್‌ನ ಎರಡು ಮೊದಲಕ್ಷರಗಳಿರುವ ಮುದ್ರೆ ಅದು. ಕನೆಕ್ಟಿಕಟ್‌ನ ನ್ಯೂ ಬ್ರಿಟನ್ ಊರಿನಲ್ಲೇ ಇದ್ದ ಸ್ಟ್ಯಾನ್ಲಿ ರೂಲ್ ಅಂಡ್ ಲೆವೆಲ್ ಕಂಪನಿಯನ್ನು ಸ್ಟ್ಯಾನ್ಲಿ ವರ್ಕ್ಸ್ 1920ರಲ್ಲಿ ತನ್ನೊಳಗೆ ಸೇರಿಸಿಕೊಂಡ ಮೇಲೆ ಬಂದದ್ದು. ಆ ಹೃದಯ, ಸ್ಟ್ಯಾನ್ಲಿ ವರ್ಕ್ಸ್‌ನ ಅಧ್ಯಕ್ಷರಾಗಿದ್ದ ವಿಲಿಯಂ ಹಾರ್ಟ್ ಅವರ ಹೆಸರಿನ ನೆನಪು. ಅಂದಮೇಲೆ 1918ಕ್ಕೆ ಮುಗಿದ ಪೀಳಿಗೆಯ ಒಡಲಿನಲ್ಲಿ 1920ರ ನಂತರದ ಅಲಗು ಕೂತಿದೆ. ಅಲಗು ಸವೆದು ಬದಲಾಗಿದೆ ಅಷ್ಟೆ. ಇದರಲ್ಲಿ ದೋಷವೇನೂ ಇಲ್ಲ, ಆದರೆ ಕನ್ನಡ ಪಟ್ಟಿಯಲ್ಲಿ ‘ಹೃದಯಮುದ್ರೆಯ ಅಲಗು, ನಂತರ ಹಾಕಿದ್ದು’ ಎಂದು ಬರೆಯಲೇಬೇಕು. ಕಾಲ ಗುರುತಿಸಲು ಅಲಗಿನ ಮುದ್ರೆಯನ್ನು ಕೊನೆಗೆ ನೋಡಬೇಕು. ಹತ್ತರಿಯಲ್ಲಿ ಎಲ್ಲಕ್ಕಿಂತ ಬೇಗ ಬದಲಾಗುವುದು ಅದೇ.

ಒಡಲನ್ನು ಓದುವ ಬಗೆ ಹೀಗೆ. ಅಲಗನ್ನು ಮೇಲಿನಿಂದ ಒತ್ತಿ ಹಿಡಿಯುವ ಒತ್ತುಮುಚ್ಚಳದ (‘ಲಿವರ್ ಕ್ಯಾಪ್’) ತುದಿಯ ಚಿಕ್ಕ ಸನ್ನೆಯನ್ನು ಎತ್ತಿ ಮುಚ್ಚಳ ತೆಗೆಯಿರಿ, ಅಲಗನ್ನು ಎತ್ತಿ ಪಕ್ಕಕ್ಕಿಡಿ. ಅಲಗುಮಣೆಯನ್ನು ಬಿಚ್ಚುವುದು ಬೇಡ. ಅದರ ಹಿಂದೆ, ಹಿಡಿಯ ಮುಂದೆ, ಒಡಲಿನ ಎರಕದಲ್ಲೇ ಮೂಡಿದ ಮೂರು ದಿನಾಂಕಗಳಿದ್ದರೆ (ಮಾರ್ಚ್-25-02, ಆಗಸ್ಟ್-19-02, ಏಪ್ರಿಲ್-19-10) ಒಡಲು 1910ಕ್ಕಿಂತ ಹಿಂದಿನದಾಗಲಾರದು. ಇಲ್ಲಿ 25 ಮತ್ತು 19 ತಾರೀಕು, 02 ಮತ್ತು 10 ಇಸವಿ. ಅಮೆರಿಕದಲ್ಲಿ ತಿಂಗಳು ಮೊದಲು ಬರುತ್ತದೆ. ಇದು ಪೇಟೆಂಟ್ ಸಿಕ್ಕ ದಿನವೇ ಹೊರತು ಹತ್ತರಿ ತಯಾರಾದ ದಿನವಲ್ಲ, ಆದ್ದರಿಂದ ಅನುವಾದದಲ್ಲಿ ‘ತಯಾರಿಕೆ’ ಎಂಬ ಪದ ಹತ್ತಿರವೂ ಸುಳಿಯಬಾರದು. ಅಲ್ಲಿನ ಪೇಟೆಂಟ್‌ಗಳು ಹೊರಬರುವುದು ಮಂಗಳವಾರ. ಮಸುಕಾದ ಅಂಕಿ 10ನೋ 19ನೋ ತಿಳಿಯದಿದ್ದರೆ ಹಳೆಯ ಪಂಚಾಂಗದಲ್ಲಿ ವಾರ ನೋಡಿದರೆ ಬಹಳಷ್ಟು ಸಲ ಅನುಮಾನ ತೀರುತ್ತದೆ. ಮೇಲಿನ ಮೂರೂ ಮಂಗಳವಾರಗಳೇ.

ದಿನಾಂಕ ಅಳಿಸಿಹೋಗಿದ್ದರೆ ಬೇರೆ ಗುರುತುಗಳಿವೆ. ಅಲಗಿನ ಓರೆ ತಿದ್ದುವ ಸನ್ನೆ ಬಂದದ್ದು 1885ರ ಹೊತ್ತಿಗೆ. ಅಲಗುಮಣೆಯನ್ನು ಹಿಂದೆ ಮುಂದೆ ಸರಿಸುವ ಸ್ಕ್ರೂ 1907ರಲ್ಲಿ. ಮುಂದಿನ ಗುಬುಟು (ಮುಂದುಗಡೆಯ ಗುಂಡನೆಯ ಹಿಡಿ) ಕುಳ್ಳಗಿದ್ದರೆ 1919ಕ್ಕೆ ಹಿಂದಿನದು, ಎತ್ತರವಿದ್ದರೆ ಆಮೇಲಿನದು. ಎತ್ತರದ ಗುಬುಟು ಬುಡದಲ್ಲಿ ಸೀಳುತ್ತಿತ್ತು, ಅದಕ್ಕೇ 1930ರ ಸುಮಾರಿಗೆ ಅದರ ಸುತ್ತ ಒಡಲಿನಲ್ಲಿ ಉಬ್ಬಿದ ಬಳೆ ಎರೆಯತೊಡಗಿದರು. ಒತ್ತುಮುಚ್ಚಳದ ತೂತು ಬೀಗದ ಕೈ ಹೋಗುವ ಆಕಾರದಲ್ಲಿದ್ದರೆ ಹಳೆಯದು, ಮೂತ್ರಪಿಂಡದ ಆಕಾರವಾದರೆ 1933ರಿಂದ ಈಚಿನದು. ಅಲಗನ್ನು ಏರಿಸಿ ಇಳಿಸುವ ತಿರುಗಣೆ ಹಿತ್ತಾಳೆಯ ಬದಲು ಗಟ್ಟಿ ರಬ್ಬರು ಅಥವಾ ಉಕ್ಕಿನದಾಗಿದ್ದರೆ ಎರಡನೇ ಮಹಾಯುದ್ಧದ ಕಾಲ, 1942ರಿಂದ 1945. ಆದರೂ ಕಂಪನಿ ಉಳಿದ ಬಿಡಿಭಾಗಗಳನ್ನು ಎಸೆಯದೆ ಮುಂದಿನ ಹತ್ತರಿಗೆ ಹಾಕುತ್ತಿತ್ತು. ಒಂದೆರಡು ವರ್ಷ ಹಿಂದೆ ಮುಂದೆ ಇದ್ದೇ ಇರುತ್ತದೆ, ‘ಸುಮಾರು’ ಎಂಬ ಪದವನ್ನು ತೆಗೆಯಬೇಡಿ.

‘ಜಪಾನಿಂಗ್’ಗೂ ಜಪಾನಿನಲ್ಲಿ ತಯಾರಾಗುವುದಕ್ಕೂ ಸಂಬಂಧವಿಲ್ಲ. ಕಲ್ಲರಗು (ಅಸ್ಫಾಲ್ಟ್), ಅಗಸೆ ಎಣ್ಣೆ, ಟರ್ಪೆಂಟೈನ್ ಸೇರಿಸಿ ಬಳಿದು ಒಲೆಯಲ್ಲಿ ಬೇಯಿಸಿದ ಕಪ್ಪು ಲೇಪ ಅದು. ‘ಬೇಯಿಸಿದ ಕರಿಲೇಪ’ ಎನ್ನಬಹುದು. ತಂತಿಬ್ರಷ್ ಹಾಕಿ ತಿಕ್ಕಿದರೆ ತುಕ್ಕಿನ ಜೊತೆ ಲೇಪವೂ ಹೋಗುತ್ತದೆ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸಾಕು. ಅಲಗುಮಣೆ ಕೂರುವ ನಯವಾದ ಮೈಮೇಲೆ ಕಪ್ಪು ಬಣ್ಣ ಹರಿದಿದ್ದರೆ ಯಾರೋ ಆಮೇಲೆ ಬಳಿದದ್ದು. ಕಾರ್ಖಾನೆಯಲ್ಲಿ ಆ ಮೈಯನ್ನು ಲೇಪವಾದ ನಂತರ ಯಂತ್ರದಲ್ಲಿ ಸವರಿ ಬರಿದಾಗಿ ಬಿಡುತ್ತಿದ್ದರು.

ಹಿಡಿಯ ರೋಸ್‌ವುಡ್ ಬ್ರೆಜಿಲ್ ದೇಶದ್ದು. ನಮ್ಮ ಬೀಟೆ ಅದೇ ಕುಲದ ಬೇರೆ ಮರ. ‘ಬ್ರೆಜಿಲ್ ಬೀಟೆ’ ಎಂದರೆ ಸರಿಹೋಗುತ್ತದೆ.

ಬಿಡಿಭಾಗ ಹೊಂದಿಸುವವರಿಗಾಗಿ ಟಿಪ್ಪಣಿಯಲ್ಲಿ ಒಂದು ಮಾತು ಸೇರಿಸಿ: ಹಿಡಿ ಮತ್ತು ಗುಬುಟಿನ ಬೋಲ್ಟಿನ ದಪ್ಪ 12 ನಂಬರ್, ಥ್ರೆಡ್ ಇಂಚಿಗೆ 20 ಸುತ್ತು. ಇಂದು ಅಲ್ಲಿನ ಅಂಗಡಿಯಲ್ಲಿ ಸಿಗುವ 12 ನಂಬರಿಗೆ 24 ಸುತ್ತು. ಮೊದಲ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಒತ್ತಾಯ ಮಾಡಿದರೆ ಒಡಲಿನ ತೂತೇ ಹಾಳು.

ಉತ್ತರ 2

ಅಲಗುಮಣೆ ಸೊಗಸಾಗಿದೆ. ಆದರೂ ಮೊದಲ ಸಲ ಬರುವಲ್ಲಿ ‘ಫ್ರಾಗ್ ಎಂಬ ಅಲಗುಮಣೆ’ ಎನ್ನಿ. ಬಿಡಿಭಾಗ ಹುಡುಕುವವರಿಗೆ ಇಂಗ್ಲಿಷ್ ಹೆಸರು ಬೇಕಾಗುತ್ತದೆ.

ನನಗೆ ಮುಖ್ಯವೆನಿಸಿದ್ದು ‘ಕಾಸ್ಟ್ ಸ್ಟೀಲ್’. ಎರಕದ ಉಕ್ಕು ಎಂದರೆ ಉಳಿಯನ್ನೇ ಅಚ್ಚಿನಲ್ಲಿ ಹೊಯ್ದು ಮಾಡಿದರೆಂದು ಅರ್ಥವಾಗುತ್ತದೆ. ಎರಕದ ಕಬ್ಬಿಣದ ಜೊತೆ ಗೊಂದಲವೂ ಆಗುತ್ತದೆ. ಹಾಗಲ್ಲ. ಉಕ್ಕನ್ನು ಮೂಸೆಯಲ್ಲಿ (ಲೋಹ ಕರಗಿಸುವ ಪಾತ್ರೆ) ಪೂರ್ತಿ ಕರಗಿಸಿ ಗಟ್ಟಿಗಳನ್ನಾಗಿ ಎರೆದು, ಆಮೇಲೆ ಬಡಿದು ಉಳಿಯೋ ಅಲಗೋ ಮಾಡಿದ್ದಾರೆಂದು ಆ ಮುದ್ರೆ ಹೇಳುತ್ತದೆ. ಈ ಕ್ರಮವನ್ನು 1740ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ರೂಢಿಗೆ ತಂದರು. ಅಮೆರಿಕದಲ್ಲಿ ಮ್ಯಾಸಚೂಸೆಟ್ಸ್‌ನ ಮಿಲ್ಬರಿಯ ಬಕ್ ಬ್ರದರ್ಸ್ ಉಳಿಗಳ ಮೇಲೆ ಜಿಂಕೆಯ ತಲೆಯ ಮುದ್ರೆಯ ಜೊತೆ ಈ ಪದಗಳು ಕಾಣುತ್ತವೆ. ಮುದ್ರೆ ಉಳಿಯ ಗುಣಕ್ಕೆ ಹೇಳಿದ್ದು, ಹೆಮ್ಮೆಯಿಂದ ಹೊಡೆದದ್ದು.

ಕನ್ನಡದಲ್ಲಿ ಇದು ‘ಮೂಸೆಯುಕ್ಕು’ ಆಗಬೇಕು. ದಕ್ಷಿಣ ಭಾರತದ ಮೂಸೆಯುಕ್ಕನ್ನು ಯುರೋಪಿನವರು ‘ವೂಟ್ಸ್’ ಎಂದು ಕರೆದರು, ಆ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದೆಂದು ಇಂಗ್ಲಿಷ್ ನಿಘಂಟುಗಳು ಕೊಡುತ್ತವೆ. ಹಂಟ್ಸ್‌ಮನ್ ಕ್ರಮ ಬೇರೆ, ನಮ್ಮದು ಬೇರೆ, ಎರಡರಲ್ಲೂ ಮೂಸೆಯಿದೆ. ನಮ್ಮ ಭಾಷೆಯಲ್ಲೇ ಇಷ್ಟು ಹಳೆಯ ಪದವಿರುವಾಗ ತಪ್ಪು ಎರಕವನ್ನು ಒಪ್ಪಿಕೊಳ್ಳುವುದೇಕೆ?

ಹಳೆಯ ಅಲಗುಗಳಲ್ಲಿ ಹಲವು ಪೂರ್ತಿ ಮೂಸೆಯುಕ್ಕಲ್ಲ. ಮೆದು ಕಬ್ಬಿಣದ ಬೆನ್ನಿಗೆ ತೆಳು ಉಕ್ಕಿನ ಹಾಳೆ ಬೆಸೆದಿರುತ್ತದೆ. ಸಾಣೆಕಲ್ಲಿನ ಮೇಲೆ ಓರೆಮೈಯನ್ನು ಹತ್ತು ಸಲ ಎಳೆದು ಒರೆಸಿ ಬೆಳಕಿಗೆ ವಾರೆಯಾಗಿ ಹಿಡಿಯಿರಿ. ಬಾಯಿಯ ಹತ್ತಿರ ಒಂದು ಪಟ್ಟಿಯ ಹೊಳಪು ಬೇರೆ, ಹಿಂಬದಿಯದು ಬೇರೆ, ನಡುವೆ ಸಣ್ಣ ಗೆರೆ ಕಾಣುತ್ತದೆ. ಆ ಉಕ್ಕು ಸವೆದು ಮುಗಿದಿದ್ದರೆ ಮುದ್ರೆ ಎಷ್ಟೇ ಚೆನ್ನಾಗಿದ್ದರೂ ಅಲಗು ಹರಿತ ಹಿಡಿಯದು.

‘ವಾರಂಟೆಡ್ ಸುಪೀರಿಯರ್’ ಹೆಸರಿನ ಕಂಪನಿಯೇ ಇಲ್ಲ. ಗರಗಸದ ಹಿಡಿಯ ಹಿತ್ತಾಳೆ ಬಿಲ್ಲೆಯ ಮೇಲೆ ‘ಉತ್ತಮವೆಂದು ಖಾತರಿ’ ಎಂದು ಹೊಡೆದ ಸಾಮಾನ್ಯ ಮಾತು. ಹಲವು ಕಾರ್ಖಾನೆಗಳು ತಮ್ಮ ಹೆಸರು ಹಾಕದ ಎರಡನೇ ದರ್ಜೆಯ ಗರಗಸಗಳಿಗೂ ಅಂಗಡಿಯವರ ಹೆಸರಿನಲ್ಲಿ ಮಾರುವವಕ್ಕೂ ಈ ಬಿಲ್ಲೆ ಬಳಸಿದವು. ಫಿಲಡೆಲ್ಫಿಯಾದ ಡಿಸ್ಟನ್ ತನ್ನ ಮೇಲ್ದರ್ಜೆಯ ಗರಗಸದಲ್ಲಿ ತನ್ನ ಹೆಸರನ್ನೇ ಬಿಲ್ಲೆಯಲ್ಲಿ ಹಾಕುತ್ತಿತ್ತು. ತಯಾರಕರ ಕಾಲಂನಲ್ಲಿ ‘ಹೆಸರಿಲ್ಲ’ ಎಂದು ಬರೆದು, ಬಿಲ್ಲೆಯ ಮಾತನ್ನು ಮುದ್ರೆಯ ಕಾಲಂಗೆ ಸಾಗಿಸಿ.

ಬೈರಿಗೆಯ ಸ್ವೀಪ್ ಸುತ್ತಳತೆಯಲ್ಲ, ಹಿಡಿ ತಿರುಗುವ ಸುತ್ತಿನ ಅಡ್ಡಳತೆ. ಮೊನೆ ಸಿಕ್ಕಿಸುವ ಬಾಯಿಯ ನಟ್ಟನಡುವಿನಿಂದ ತಿರುಗಿಸುವ ಹಿಡಿಯ ನಡುವಿಗೆ ಅಳೆದು ಎರಡರಿಂದ ಗುಣಿಸಿ. 5 ಇಂಚು ಬಂದರೆ ಅದು 10 ಇಂಚಿನದು. ‘ಸುತ್ತಿನ ಅಡ್ಡಳತೆ’ ಎಂದು ಬರೆಯಿರಿ. ಅದರ ಮೊನೆಗಳ (ತೂತು ಕೊರೆಯುವ ‘ಬಿಟ್’) ಬುಡದಲ್ಲಿರುವ ಒಂಟಿ ಅಂಕಿ ಮಿಲಿಮೀಟರ್ ಅಲ್ಲ, ಇಂಚಿನ ಹದಿನಾರನೇ ಭಾಗ: 8 ಎಂದರೆ ಅರ್ಧ ಇಂಚು, 12 ಎಂದರೆ ಮುಕ್ಕಾಲು. 8 ಮಿಲಿಮೀಟರ್ ಎಂದು ಅಚ್ಚಾದರೆ ಕೊಂಡವರು ಕೊರೆಯುವ ತೂತು ಸುಮಾರು 13 ಮಿಲಿಮೀಟರ್ ಆಗುತ್ತದೆ.

ನಿಮ್ಮ ಸಾಲು ಹೀಗಾಗಬಹುದು: ‘ಸ್ಟ್ಯಾನ್ಲಿ ನಂಬರ್ 4 ಹತ್ತರಿ, 11ನೇ ಪೀಳಿಗೆ, ಸುಮಾರು 1910ರಿಂದ 1918, ಅಲಗುಮಣೆ ಮೂಲದ್ದೇ, ಹೃದಯಮುದ್ರೆಯ ಅಲಗು ನಂತರ ಹಾಕಿದ್ದು, ಬೇಯಿಸಿದ ಕರಿಲೇಪ ಚೆನ್ನಾಗಿದೆ, ಬ್ರೆಜಿಲ್ ಬೀಟೆಯ ಹಿಡಿ.’ ಗುಬುಟಿನ ಎತ್ತರವನ್ನೂ ಒಮ್ಮೆ ನೋಡಿ ಸೇರಿಸಿ. ಅದೂ ಎತ್ತರವಿದ್ದರೆ ಬದಲಾಗಿರುವುದು ಅಲಗೊಂದೇ ಅಲ್ಲ.