ಕೈ-ಕಾಲು-ಬಾಯಿ ರೋಗ: ಯಾವ ಮಗುವಿಗೆ ಅಪಾಯ ಹೆಚ್ಚು?

ತುಂಗಾತೀರ:
ನಮ್ಮ ಡೇಕೇರ್ ಪೋಷಕರ ವಾಟ್ಸಾಪ್ ಗುಂಪಿಗೆ ಒಂದು ಪುಟದ ಸೂಚನೆ ಬರೆಯಬೇಕಿದೆ. ಒಂದರಿಂದ ನಾಲ್ಕು ವರ್ಷದ ಮಕ್ಕಳು. ವಾರ, ಹತ್ತು ದಿನದಲ್ಲಿ ತಾನಾಗಿ ವಾಸಿಯಾಗುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಮಿದುಳು, ಹೃದಯಕ್ಕೆ ತಗಲುವುದು ಯಾವ ಮಕ್ಕಳಲ್ಲಿ? ಮನೆಯವರಿಗೆ ಅದು ಮೊದಲು ಹೇಗೆ ಗೊತ್ತಾಗುತ್ತದೆ? ಗುಳ್ಳೆ ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿ ಎಂದು ಬರೆಯಬಹುದೇ?

ಶಿಶುವೈದ್ಯ_ಹುಬ್ಬಳ್ಳಿ:
ದಯವಿಟ್ಟು ಹಾಗೆ ಬರೆಯಬೇಡಿ. ಈ ರೋಗ ತರುವ ವೈರಸ್‌ಗಳಲ್ಲಿ ಮೈತುಂಬಾ ಗುಳ್ಳೆ ಎಬ್ಬಿಸುವುದು ಹೆಚ್ಚಾಗಿ ಕಾಕ್ಸಾಕಿ ಎ6. ನೋಡಲು ಭಯಂಕರ, ತಿಂಗಳ ಮೇಲೆ ಉಗುರೂ ಕಳಚಬಹುದು, ಆದರೆ ಮಿದುಳಿನ ತಂಟೆಗೆ ಹೋಗುವುದು ಅಪರೂಪ. ನಿಜವಾದ ಹೆದರಿಕೆ ಎಂಟರೊವೈರಸ್ 71ರದ್ದು. 1998ರಲ್ಲಿ ತೈವಾನಿನಲ್ಲಿ 78 ಜನ ಸತ್ತಾಗ ಬಹುಪಾಲು ಐದು ವರ್ಷದೊಳಗಿನ ಮಕ್ಕಳೇ ಆಗಿದ್ದರು. ಇಂಥವರಲ್ಲಿ ಕೆಲವರ ಗುಳ್ಳೆ ಬೆರಳೆಣಿಕೆಯಷ್ಟೇ ಇರುತ್ತದೆ. ಗುಳ್ಳೆ ಎಣಿಸುತ್ತಾ ಕೂತರೆ ಜ್ವರ ಎಣಿಸುವುದು ಮರೆತುಹೋಗುತ್ತದೆ.

ಯಾವ ವೈರಸ್ ಎಂದು ಮನೆಯಲ್ಲಿ ತಿಳಿಯುವುದಿಲ್ಲವಾದ್ದರಿಂದ ಪೋಷಕರು ನೋಡಬೇಕಾದದ್ದು ಇಷ್ಟು. ವಯಸ್ಸು ಮೂರಕ್ಕಿಂತ ಕಡಿಮೆಯೇ? ಜ್ವರ ಮೂರನೇ ದಿನ ದಾಟಿತೇ, ಅಥವಾ 39 ಡಿಗ್ರಿ ಸೆಲ್ಸಿಯಸ್ (102 ಫ್ಯಾರನ್‌ಹೀಟ್) ಮೀರಿ ಔಷಧಿಗೂ ಇಳಿಯುತ್ತಿಲ್ಲವೇ? ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಮಂಕು, ಕೈಕಾಲು ನಡುಕ, ನಿಂತರೆ ತೂರಾಟ ಇದೆಯೇ? ಎಲ್ಲಕ್ಕಿಂತ ಮುಖ್ಯವಾದದ್ದು ಬೆಚ್ಚಿಬೀಳುವುದು: ನಿದ್ದೆ ಹತ್ತುವ ಹೊತ್ತಿಗೆ ಕೈಕಾಲು ಝಾಡಿಸಿ ಎಚ್ಚರವಾಗುವುದು. ವಿಯೆಟ್ನಾಂನ ಚಿಕಿತ್ಸಾ ಕ್ರಮದಲ್ಲಿ ಅರ್ಧ ಗಂಟೆಯಲ್ಲಿ ಎರಡು ಸಲ ಬೆಚ್ಚಿದರೆ ಮಗುವನ್ನು ತೀವ್ರತೆಯ ಮೇಲಿನ ಹಂತಕ್ಕೆ ಸೇರಿಸುತ್ತಾರೆ. ನಮ್ಮಲ್ಲಿ ಮಾತ್ರ ಮೊದಲು ದೃಷ್ಟಿ ನಿವಾಳಿಸುತ್ತಾರೆ. ನಿವಾಳಿಸಲಿ, ಆದರೆ ಆಸ್ಪತ್ರೆಗೆ ಹೊರಡುವುದು ತಡವಾಗದಿರಲಿ.

ತಡ ಯಾಕೆ ಆಗಬಾರದು ಎಂದರೆ, ವೈರಸ್ ಮಿದುಳಿನ ಕಾಂಡಕ್ಕೆ ತಗಲಿದರೆ ಹೃದಯಬಡಿತ, ರಕ್ತದೊತ್ತಡದ ಹಿಡಿತ ತಪ್ಪುತ್ತದೆ. ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಲು ಕೆಲವೇ ಗಂಟೆ ಸಾಕು. ಕೈಕಾಲು ತಣ್ಣಗಾಗಿ ಬೆವರುವುದು, ಚರ್ಮದಲ್ಲಿ ಕಲೆಕಲೆ ಬಿಳಿಚು, ಜ್ವರವಿಲ್ಲದೆ ಮಲಗಿದಾಗಲೂ ನಾಡಿ ಓಡುವುದು, ಉಸಿರು ವೇಗವಾಗುವುದು ಆ ಹಂತದವು. ಇಷ್ಟು ಕಂಡಮೇಲೆ ಕ್ಲಿನಿಕ್ಕು ಬೇಡ, ಮಕ್ಕಳ ಐಸಿಯು ಇರುವಲ್ಲಿಗೇ ಹೋಗಿ. ಹೆಚ್ಚು ಎಚ್ಚರ ಬೇಕಾದದ್ದು ಎರಡರಿಂದ ಐದನೇ ದಿನದವರೆಗೆ.

ತುಂಗಾತೀರ:
ಡಾಕ್ಟ್ರೇ, ಎಳೆ ಕೂಸುಗಳು ಸುಮ್ಮನೆಯೂ ಬೆಚ್ಚುತ್ತವಲ್ಲ? ಇದನ್ನೇ ಬರೆದರೆ ಎಲ್ಲರೂ ಗಾಬರಿಯಾಗುತ್ತಾರೆ.

ಶಿಶುವೈದ್ಯ_ಹುಬ್ಬಳ್ಳಿ:
ಸರಿಯಾದ ಪ್ರಶ್ನೆ. ನಾಲ್ಕೈದು ತಿಂಗಳವರೆಗೆ ಸದ್ದಿಗೆ, ಮಲಗಿಸುವಾಗ ಬೆಚ್ಚುವುದು ಸಹಜ. ‘ಈ ಜ್ವರ ಬಂದಮೇಲೆ ಹೊಸದಾಗಿ ಶುರುವಾದದ್ದು, ಸದ್ದಿಲ್ಲದೆಯೂ ಮರುಕಳಿಸುವುದು’ ಎಂದು ಬರೆಯಿರಿ. ಫೋನಿನಲ್ಲಿ ವಿಡಿಯೋ ಮಾಡಿಟ್ಟರೆ ನಮಗೆ ಬಾಯಿಮಾತಿಗಿಂತ ಉಪಯೋಗ.

ವಾರ್ಡ್_ಸಿಸ್ಟರ್:
ನಮ್ಮ ಕಡೆ ಮಕ್ಕಳು ಅಡ್ಮಿಟ್ ಆಗುವುದು ಹೆಚ್ಚಾಗಿ ಮಿದುಳಿಗಲ್ಲ, ನೀರು ಬತ್ತಿ. ಬಾಯಿಹುಣ್ಣಿನ ಉರಿಗೆ ಮಗು ಏನೂ ನುಂಗುವುದಿಲ್ಲ. ಆರೇಳು ಗಂಟೆ ಉಚ್ಚೆ ಇಲ್ಲ, ಅತ್ತರೆ ಕಣ್ಣೀರಿಲ್ಲ, ನೆತ್ತಿ ಒಳಗಿಳಿದಿದೆ ಎಂದರೆ ಕಾಯಬೇಡಿ. ತಣ್ಣಗಿನ ಓಆರ್‌ಎಸ್ ಅನ್ನು ಚಮಚದಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ ಕೊಡಿ. ಮೊಸರು, ತಣಿಸಿದ ರಾಗಿ ಗಂಜಿ ನಡೆಯುತ್ತದೆ. ಮೂಸಂಬಿ, ನಿಂಬೆ ಬೇಡ, ಉರಿಯುತ್ತದೆ.

ಪ್ಯಾರಾಸಿಟಮಾಲ್ ಲೆಕ್ಕ ಬಹಳ ಮನೆಗಳಲ್ಲಿ ತಪ್ಪುತ್ತದೆ. ಕಿಲೋಗೆ 15 ಮಿಲಿಗ್ರಾಂ, ಅಂದರೆ 10 ಕಿಲೋ ಮಗುವಿಗೆ 150. ಬಾಟಲಿಯ ಮೇಲೆ 5 ಎಂಎಲ್‌ಗೆ 125 ಎಂದಿದ್ದರೆ 6 ಎಂಎಲ್. 250 ಎಂದಿದ್ದರೆ 3 ಎಂಎಲ್. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೇ 100 ಇರುತ್ತದೆ, ಆಗ 1.5 ಎಂಎಲ್ ಸಾಕು. ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಆಸ್ಪಿರಿನ್ ಬೇಡವೇ ಬೇಡ. ಬಾಯಿ ಮರಗಟ್ಟಿಸುವ ಲಿಗ್ನೊಕೇನ್ ಜೆಲ್ಲನ್ನು ಎಳೆ ಮಕ್ಕಳಿಗೆ ಹಚ್ಚಬೇಡಿ, ನುಂಗಿದರೆ ಫಿಟ್ಸ್ ಬರಬಹುದು. ಗುಳ್ಳೆ ಬೇಗ ಒಣಗಲಿ ಎಂದು ಸ್ಟೀರಾಯ್ಡ್ ಸಿರಪ್ ಕೇಳಿ ಬರೆಸಿಕೊಳ್ಳುವವರೂ ಇದ್ದಾರೆ. ಈ ರೋಗದಲ್ಲಿ ಅದರಿಂದ ಲಾಭವಿಲ್ಲ, ಕೆಡುಕಾಗಬಹುದು.

ಊರ_ಆರೋಗ್ಯ:
2022ರಲ್ಲಿ ಕೇರಳದ ಕೊಲ್ಲಂ ಕಡೆಯಿಂದ ಸುದ್ದಿಯಾದ ‘ಟೊಮೇಟೊ ಜ್ವರ’ ಇದೇ ಎಂದು ಒಂದು ಸಾಲು ಸೇರಿಸಿ, ಇಲ್ಲದಿದ್ದರೆ ಬೇರೆ ರೋಗವೆಂದು ತಿಳಿಯುತ್ತಾರೆ. ಎಂಟರೊವೈರಸ್ 71ರ ಲಸಿಕೆ ಚೀನಾದಲ್ಲಿದೆ. ನಮ್ಮ ಲಸಿಕಾ ಪಟ್ಟಿಯಲ್ಲಿ ಇಲ್ಲ.

ಡೇಕೇರ್‌ಗೆ: ಸ್ಯಾನಿಟೈಸರ್ ನಂಬಬೇಡಿ, ಈ ವೈರಸ್ಸಿಗೆ ಆಲ್ಕೋಹಾಲ್ ಅಷ್ಟಾಗಿ ನಾಟುವುದಿಲ್ಲ. ಸೋಪು, ನೀರೇ ಗತಿ. ಆಟಿಕೆ, ಡೈಪರ್ ಬದಲಿಸುವ ಮೇಜನ್ನು ಮೊದಲು ಸೋಪಿನಿಂದ ತೊಳೆದು, ಆಮೇಲೆ 5 ಶೇಕಡಾ ಬ್ಲೀಚ್ 20 ಎಂಎಲ್ ಅನ್ನು ಒಂದು ಲೀಟರ್ ನೀರಿಗೆ ಬೆರೆಸಿ ಒರೆಸಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕೊಳೆ ಇದ್ದಲ್ಲಿ ಬ್ಲೀಚ್ ಕೆಲಸ ಮಾಡುವುದಿಲ್ಲ. ಜ್ವರ ಬಿಟ್ಟು ಗುಳ್ಳೆ ಒಣಗಿದ ಮೇಲೆ ಮಗು ಬರಬಹುದು. ಮಲದಲ್ಲಿ ವೈರಸ್ ವಾರಗಟ್ಟಲೆ ಇರುವುದರಿಂದ ಆಯಾಗಳ ಕೈತೊಳೆತ ಮಾತ್ರ ಸಡಿಲಬಾರದು. ಮನೆಯಲ್ಲಿ ಹೆರಿಗೆ ಹತ್ತಿರವಿರುವವರು, ಬಾಣಂತಿ, ಹಸುಗೂಸು ಇದ್ದರೆ ಕಾಯಿಲೆಯ ಮಗುವನ್ನು ಬೇರೆ ಮಲಗಿಸಲು ಹೇಳಿ. ನವಜಾತ ಶಿಶುವಿಗೆ ಎಂಟರೊವೈರಸ್ ತಗಲಿದರೆ ಯಕೃತ್ತು, ಹೃದಯದವರೆಗೂ ಹೋಗಬಹುದು.